ಈಸ್ಟರ್ ಭಾನುವಾರದ ಮನೆಯೂಟ: ಗುರುವಾರದ ಬಣ್ಣದ ಮೊಟ್ಟೆಯಿಂದ ಸೋಮವಾರದ ಮೂಳೆ ಸೂಪಿನವರೆಗೆ

ಈಸ್ಟರ್ ದಿನ ಅಡುಗೆ ಮಾಡಿದವರೇ ಎಲ್ಲರದೂ ಮುಗಿದ ಮೇಲೆ ಆರಿದ ತಟ್ಟೆ ಹಿಡಿದು ಕೂರುವುದು ಬಹಳ ಮನೆಗಳಲ್ಲಿ ನಡೆಯುತ್ತದೆ. ಮೊಟ್ಟೆ, ಬ್ರೆಡ್ಡು, ಮಾಂಸ ಮೂರನ್ನೂ ಭಾನುವಾರ ಬೆಳಿಗ್ಗೆಯೇ ಹಿಡಿದುಕೊಂಡರೆ ಆಗುವುದೇ ಇದು. ಹಳೆಯ ಪದ್ಧತಿಯಲ್ಲಿ ಹೀಗಿರಲಿಲ್ಲ. ಪವಿತ್ರ ಗುರುವಾರ ಮೊಟ್ಟೆಗೆ ಬಣ್ಣ, ಶುಭ ಶುಕ್ರವಾರ ಒಲೆಗೆ ಬಿಡುವು, ಶನಿವಾರ ಬ್ರೆಡ್ಡು, ಭಾನುವಾರಕ್ಕೆ ಮಾಂಸ ಒಂದೇ. ಆ ಕ್ರಮವನ್ನು ಹಾಗೆಯೇ ಹಿಡಿದರೆ ಎಂಟು ಜನರ ಹಬ್ಬದೂಟ ಒಂದೇ ಓವನ್ನಿನಲ್ಲಿ ಸಲೀಸಾಗಿ ಆಗುತ್ತದೆ, ಅಡುಗೆಯವರೂ ಎಲ್ಲರ ಜೊತೆಗೇ ಕೂರಬಹುದು.

ಈ ಮೂರು ಪದಾರ್ಥಗಳು ಮೇಜಿಗೆ ಬಂದದ್ದಕ್ಕೆ ಕಾರಣವಿದೆ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ಮಾಂಸದ ಜೊತೆಗೆ ಮೊಟ್ಟೆ, ಹಾಲು, ಬೆಣ್ಣೆಯನ್ನೂ ಬಿಡುವ ಕಟ್ಟುನಿಟ್ಟು ಹಿಂದೆ ಬಹುತೇಕ ಎಲ್ಲ ಕ್ರೈಸ್ತರಲ್ಲಿತ್ತು. ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಇವತ್ತಿಗೂ ಇದೆ. ಕೋಳಿಗಳು ಮಾತ್ರ ಮೊಟ್ಟೆ ಇಡುತ್ತಲೇ ಇದ್ದವು. ಹಾಗಾಗಿ ಉಪವಾಸ ಮುರಿಯುವ ಹೊತ್ತಿಗೆ ಮನೆಯಲ್ಲಿ ಮೊಟ್ಟೆಯ ರಾಶಿ, ಮಿಕ್ಕಿದ ಬೆಣ್ಣೆ, ಹಾಲು. ಬೇಯಿಸಿದ ಮೊಟ್ಟೆ, ಬೆಣ್ಣೆ-ಮೊಟ್ಟೆ ಸುರಿದು ಮಾಡುವ ಸಿಹಿ ಬ್ರೆಡ್ಡು ಬಂದದ್ದು ಅಲ್ಲಿಂದ. ಕುರಿಮರಿ ಯೆಹೂದ್ಯರ ಪಾಸ್ಖ ಹಬ್ಬದಿಂದ ಬಂದದ್ದು. ಅಮೆರಿಕದಲ್ಲಿ ಕುರಿಯ ಬದಲು ಹ್ಯಾಮ್ ಇಡುವುದಕ್ಕೂ ಲೆಕ್ಕವಿದೆ: ಶರತ್ಕಾಲದಲ್ಲಿ ಕಡಿದ ಹಂದಿಯ ತೊಡೆಯನ್ನು ಉಪ್ಪು ಹಾಕಿ ಹೊಗೆಗೆ ಕಟ್ಟಿದರೆ ಅದು ಹದಕ್ಕೆ ಬರುವುದು ವಸಂತದ ಹೊತ್ತಿಗೇ. ಪೋಲೆಂಡಿನಲ್ಲಿ ಶನಿವಾರವೇ ಮೊಟ್ಟೆ, ಬ್ರೆಡ್ಡು, ಉಪ್ಪು, ಸಾಸೇಜ್ ತುಂಬಿದ ಬುಟ್ಟಿಯನ್ನು ಚರ್ಚಿಗೆ ಒಯ್ದು ಆಶೀರ್ವಾದ ಮಾಡಿಸಿಕೊಂಡು ಬರುತ್ತಾರೆ, ಭಾನುವಾರ ಬೆಳಿಗ್ಗೆ ಅದರಿಂದಲೇ ಊಟ ಶುರು. ಮಾಂಸ ಯಾವುದಾದರೂ ಇರಲಿ, ಮೊಟ್ಟೆ ಮತ್ತು ಬ್ರೆಡ್ಡನ್ನು ಮಾತ್ರ ಬಿಡಬೇಡಿ. ಮಕ್ಕಳ ಕೈ ತಾಗುವ ಕೆಲಸಗಳು ಇವೆರಡೇ.

ಬುಧವಾರಕ್ಕೇ ಮುಗಿಸಬೇಕಾದದ್ದು

ಸಾಮಾನಿನ ಪಟ್ಟಿಗಿಂತ ಮೊದಲು ಮಾಂಸ ಗೊತ್ತು ಮಾಡಿ. ಮೂಳೆ ಸಹಿತ ಕುರಿಮರಿಯ ತೊಡೆಯಾದರೆ ತಲೆಗೆ 300 ಗ್ರಾಂ ಲೆಕ್ಕ. ಎಂಟು ಜನಕ್ಕೆ 2.4 ಕಿಲೋ. ಅದರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮೂಳೆಯೇ ಇರುತ್ತದೆ ಎಂಬುದನ್ನು ಮರೆತು 1.5 ಕಿಲೋ ತಂದರೆ ಸಾಲುವುದಿಲ್ಲ. ಕೊಳ್ಳುವಾಗಲೇ ನಿಮ್ಮ ಓವನ್ ಟ್ರೇಯ ಉದ್ದ ಅಳೆದುಕೊಂಡು ಹೋಗಿ, ಮೊಣಕಾಲಿನ ತುದಿ ಕತ್ತರಿಸಿ ಕೊಡಲು ಹೇಳಿ. ಫ್ರೀಜ್ ಆದ ಮಾಂಸವಾದರೆ ಗುರುವಾರ ರಾತ್ರಿಯೇ ಫ್ರೀಜರ್‌ನಿಂದ ಫ್ರಿಜ್ಜಿನ ಕೆಳ ತಟ್ಟೆಗೆ ಇಳಿಸಿ. ಇಷ್ಟು ದೊಡ್ಡ ತುಂಡು ಕರಗಲು ಒಂದರಿಂದ ಒಂದೂವರೆ ದಿನ ಬೇಕು. ಹೊರಗಿಟ್ಟು ಕರಗಿಸಿದರೆ ಒಳಗೆ ಇನ್ನೂ ಕಲ್ಲಾಗಿರುವಾಗಲೇ ಮೇಲ್ಭಾಗ ಕೆಡಲು ಶುರುವಾಗಿರುತ್ತದೆ.

ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್ ಇಲ್ಲದಿದ್ದರೆ ಈ ಹಬ್ಬಕ್ಕೆ ಒಂದು ತಂದುಬಿಡಿ. ಈ ಊಟದಲ್ಲಿ ಕಣ್ಣಂದಾಜು ಕೈಕೊಡುವುದು ಒಂದೇ ಕಡೆ, ಅದು ತೊಡೆಯ ಒಳಗಿನ ಬಿಸಿ.

ಇನ್ನು ಈರುಳ್ಳಿಯ ಒಣ ಸಿಪ್ಪೆ. ಎರಡು ವಾರದಿಂದಲೇ ಕೂಡಿಡಿ. ಒಂದು ಡಜನ್ ಮೊಟ್ಟೆಗೆ 40ರಿಂದ 50 ಗ್ರಾಂ ಸಿಪ್ಪೆ ಬೇಕು, ಅಂದರೆ ದೊಡ್ಡ ಪಾತ್ರೆ ತುಂಬ. ಮೊಟ್ಟೆಯನ್ನೂ ಒಂದು ವಾರ ಮುಂಚೆಯೇ ತಂದು ಫ್ರಿಜ್ಜಿನಲ್ಲಿಡಿ. ತೀರಾ ಹೊಸ ಮೊಟ್ಟೆ ಬೇಯಿಸಿದರೆ ಬಿಳಿ ಭಾಗ ಒಳಪೊರೆಗೆ ಅಂಟಿಕೊಂಡು ಸಿಪ್ಪೆಯ ಜೊತೆಗೇ ಕಿತ್ತು ಬರುತ್ತದೆ. ದಿನ ಕಳೆದಂತೆ ಚಿಪ್ಪಿನ ಸಣ್ಣ ರಂಧ್ರಗಳಿಂದ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಬಿಳಿ ಭಾಗ ಹೆಚ್ಚು ಕ್ಷಾರೀಯವಾಗುತ್ತದೆ, ಆಗ ಸಿಪ್ಪೆ ಸಲೀಸಾಗಿ ಬಿಡುತ್ತದೆ.

ಗುರುವಾರ: ಮೊಟ್ಟೆ

ಬಣ್ಣದ ಪುಡಿಗಿಂತ ಈರುಳ್ಳಿ ಸಿಪ್ಪೆಯೇ ಮೇಲು. ತಿನ್ನುವ ವಸ್ತುವಿನ ಬಣ್ಣ, ಗಾಢವಾಗಿ ಕೂರುತ್ತದೆ, ಮಕ್ಕಳ ಕೈಗೆ ಹತ್ತಿದರೂ ಚಿಂತೆಯಿಲ್ಲ. ಬಿಳಿ ಮೊಟ್ಟೆಗೆ ಇಟ್ಟಿಗೆ ಕೆಂಪು, ಕಂದು ಮೊಟ್ಟೆಗೆ ಕಗ್ಗೆಂಪು ಬರುತ್ತದೆ. ಗ್ರೀಸಿನಲ್ಲಿ ಈ ಗುರುವಾರ ಮೊಟ್ಟೆಗೆ ಹಾಕುವುದು ಕೆಂಪು ಬಣ್ಣವನ್ನೇ. ಅದು ಕ್ರಿಸ್ತನ ರಕ್ತದ ಗುರುತು.

ಸ್ಟೀಲ್ ಪಾತ್ರೆಯಲ್ಲಿ ಒಂದೂವರೆ ಲೀಟರ್ ನೀರಿಗೆ ಸಿಪ್ಪೆ ಹಾಕಿ 30ರಿಂದ 40 ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ. ಅಲ್ಯುಮಿನಿಯಂ ಪಾತ್ರೆ ಬೇಡ, ಹುಳಿ ಬಿದ್ದಾಗ ಕಪ್ಪಾಗುತ್ತದೆ. ಸೋಸಿ, ಪೂರ್ತಿ ಆರಲು ಬಿಡಿ. ಆರಿದ ಮೇಲೆ 3 ದೊಡ್ಡ ಚಮಚ ಬಿಳಿ ವಿನೆಗರ್ ಬೆರೆಸಿ. ವಿನೆಗರ್ ಚಿಪ್ಪಿನ ಮೇಲಿನ ಪದರವನ್ನು ಸ್ವಲ್ಪ ಕರಗಿಸಿ ಬಣ್ಣಕ್ಕೆ ಹಿಡಿತ ಕೊಡುತ್ತದೆ. ಹೆಚ್ಚು ಸುರಿದರೆ ಬಣ್ಣ ಹೆಚ್ಚಾಗುವುದಿಲ್ಲ. ಚಿಪ್ಪೇ ಗುಳ್ಳೆ ಗುಳ್ಳೆಯಾಗಿ ಕರಗಿ ಮೈಯೆಲ್ಲ ಮಚ್ಚೆಯಾಗುತ್ತದೆ.

ಮೊಟ್ಟೆಗಳನ್ನು ಒಂದು ಗಂಟೆ ಮುಂಚೆ ಫ್ರಿಜ್ಜಿನಿಂದ ತೆಗೆದಿಟ್ಟು, ವಿನೆಗರ್ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒಂದೊಂದನ್ನೂ ಒರೆಸಿ. ಬೆರಳಿನ ಎಣ್ಣೆಯಂಶ ಉಳಿದ ಕಡೆ ಬಣ್ಣ ಕೂರದೆ ಬೆರಳಚ್ಚು ಹಾಗೇ ಕಾಣುತ್ತದೆ. ಒಂದೇ ಪದರದಲ್ಲಿ ಜೋಡಿಸಿ, ಆರಿದ ಬಣ್ಣದ ನೀರು ಮುಳುಗುವಷ್ಟು ಸುರಿದು, ನಿಧಾನಕ್ಕೆ ಕಾಯಿಸಿ. ಬಿಸಿ ನೀರಿಗೆ ತಣ್ಣನೆ ಮೊಟ್ಟೆ ಇಳಿಸಿದರೆ ಒಳಗಿನ ಗಾಳಿ ಹಿಗ್ಗಿ ಚಿಪ್ಪು ಬಿರಿಯುತ್ತದೆ. ಸಣ್ಣಗೆ ಗುಳ್ಳೆ ಏಳಲು ಶುರುವಾದಾಗಿನಿಂದ 12 ನಿಮಿಷ. ಅದಕ್ಕಿಂತ ಜಾಸ್ತಿ ಬೆಂದರೆ ಹಳದಿಯ ಸುತ್ತ ಹಸಿರು-ಬೂದು ಉಂಗುರ ಬರುತ್ತದೆ. ಹಳದಿಯ ಕಬ್ಬಿಣ ಮತ್ತು ಬಿಳಿಯ ಗಂಧಕ ಸೇರಿ ಆಗುವುದದು. ತಿಂದರೆ ತೊಂದರೆಯಿಲ್ಲ, ಆದರೆ ವಾಸನೆ ಕೆಡುತ್ತದೆ.

ಉರಿ ಆರಿಸಿ, ಅರ್ಧ ಗಂಟೆ ಆರಿದ ಮೇಲೆ ಪಾತ್ರೆ ಸಮೇತ ಫ್ರಿಜ್ಜಿಗಿಡಿ. ರಾತ್ರಿಯೆಲ್ಲ ನೆನೆದರೆ ಬಣ್ಣ ಎರಡು ಪಟ್ಟು ಗಾಢ. ಬೆಳಿಗ್ಗೆ ತೆಗೆದು ಜಾಲರಿಯ ಮೇಲೆ ಒಣಗಿಸಿ. ಬಟ್ಟೆಯ ಮೇಲಿಟ್ಟರೆ ನೇಯ್ಗೆಯ ಗುರುತು ಬೀಳುತ್ತದೆ. ಒಣಗಿದ ಮೇಲೆ ಅಂಗೈಗೆ ಎರಡು ಹನಿ ಎಣ್ಣೆ ಸವರಿ ಉಜ್ಜಿದರೆ ಹೊಳಪು ಬರುತ್ತದೆ.

ಎಲೆಯ ಚಿತ್ತಾರವನ್ನು ಮಕ್ಕಳ ಪಾಲಿಗೆ ಬಿಡಿ. ಕೊತ್ತಂಬರಿಯ ಒಂದು ಎಲೆಯನ್ನು ಒದ್ದೆ ಮಾಡಿ ಹಸಿ ಮೊಟ್ಟೆಯ ಮೇಲೆ ಅಂಟಿಸಿ, ಅಂಚುಗಳನ್ನು ಬೆರಳಿನಿಂದ ಸವರಿ ಕೂರಿಸಿ, ಹಳೆಯ ನೈಲಾನ್ ಕಾಲುಚೀಲದ ತುಂಡಿನಲ್ಲಿ ಸುತ್ತಿ ಹಿಂದೆ ದಾರ ಬಿಗಿಯಿರಿ. ಬಣ್ಣದಿಂದ ತೆಗೆದು ಬಿಚ್ಚಿದಾಗ ಎಲೆಯ ಒಂದೊಂದು ಸೀಳೂ ತಿಳಿ ಬಣ್ಣದಲ್ಲಿ ಮೂಡಿರುತ್ತದೆ. ಚಿತ್ರ ಕಲಸಿಹೋದರೆ ಗಂಟು ಸಡಿಲವಿತ್ತು ಎಂದರ್ಥ, ಎಲೆಯಡಿ ಬಣ್ಣ ನುಗ್ಗಿದೆ. ನೀಲಿ ಬೇಕಿದ್ದರೆ ಕೆಂಪು ಎಲೆಕೋಸನ್ನು ಕುದಿಸಿ ಆರಿಸಿದ ನೀರಿಗೆ ವಿನೆಗರ್ ಬೆರೆಸಿ, ಅದರಲ್ಲಿ ಬೇಯಿಸಿದ ಬಿಳಿ ಮೊಟ್ಟೆಯನ್ನು ರಾತ್ರಿಯಿಡೀ ನೆನೆಸಿ. ಹಳದಿಗೆ ಅರಿಸಿನ.

ಬೇಯಿಸಿದ ಮೊಟ್ಟೆ ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ. ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಅಲಂಕಾರಕ್ಕಿಟ್ಟದ್ದನ್ನು ತಿನ್ನಬೇಡಿ. ಬಿರಿದವನ್ನು ಮೊದಲು ತಿಂದು ಮುಗಿಸಿ.

ಶನಿವಾರ ಬೆಳಿಗ್ಗೆ: ಜಡೆ ಬ್ರೆಡ್ಡು

ಗ್ರೀಕರ ತ್ಸುರೇಕಿಯಾಗಲಿ, ಪೂರ್ವ ಯುರೋಪಿನ ಪಾಸ್ಕಾ ಬ್ರೆಡ್ಡಾಗಲಿ, ಹಿಟ್ಟಿನ ಹದ ಒಂದೇ ಬಗೆಯದು: ಮೊಟ್ಟೆ, ಹಾಲು, ಬೆಣ್ಣೆ, ಸಕ್ಕರೆ ಸೇರಿದ ಭಾರದ ಹಿಟ್ಟು. ಸಾದಾ ಬ್ರೆಡ್ಡಿಗಿಂತ ಉಬ್ಬಲು ಹೆಚ್ಚು ಹೊತ್ತು ಬೇಕು, ಅವಸರ ಮಾಡಿದರೆ ಒಳಗೆ ಮುದ್ದೆಯಾಗುತ್ತದೆ. ಅಳತೆ ಹೀಗಿದೆ, ದಯವಿಟ್ಟು ತೂಕದಲ್ಲೇ ತೆಗೆದುಕೊಳ್ಳಿ:

ಬ್ರೆಡ್ಡಿಗಾಗುವ ಗಟ್ಟಿ ಮೈದಾ 500 ಗ್ರಾಂ
ಉಗುರು ಬೆಚ್ಚಗಿನ ಹಾಲು 180 ಮಿ.ಲೀ.
ಮೊಟ್ಟೆ 2
ಸಕ್ಕರೆ 90 ಗ್ರಾಂ
ಮೆತ್ತಗಾದ ಬೆಣ್ಣೆ 90 ಗ್ರಾಂ
ಇನ್‌ಸ್ಟಂಟ್ ಯೀಸ್ಟ್ 8 ಗ್ರಾಂ
ಉಪ್ಪು 8 ಗ್ರಾಂ
ಒಂದು ಕಿತ್ತಳೆಯ ಸಿಪ್ಪೆಯ ತುರಿ, ಅರ್ಧ ಟೀ ಚಮಚ ಏಲಕ್ಕಿ ಪುಡಿ
ಮೇಲೆ ಸವರಲು 1 ಮೊಟ್ಟೆಯ ಹಳದಿ, 1 ದೊಡ್ಡ ಚಮಚ ಹಾಲು

ಹಾಲಿನ ಬಿಸಿ 38ರಿಂದ 40 ಡಿಗ್ರಿ ಸಾಕು. ಬೆರಳು ಅದ್ದಿದರೆ ಬೆಚ್ಚಗಿರಬೇಕು, ಚುರ್ ಎನ್ನಬಾರದು. ಕುದಿಯಿಂದ ಇಳಿಸಿದ ಹಾಲನ್ನೇ ಸುರಿದರೆ ಯೀಸ್ಟ್ ಸಾಯುತ್ತದೆ, ಆಮೇಲೆ ಎಷ್ಟು ಹೊತ್ತು ಕಾದರೂ ಹಿಟ್ಟು ಏಳುವುದಿಲ್ಲ. ಬೆಣ್ಣೆ ಬಿಟ್ಟು ಉಳಿದೆಲ್ಲ ಕಲಸಿ 10 ನಿಮಿಷ ನಾದಿ. ಬೆಣ್ಣೆಯನ್ನು ಮೊದಲೇ ಹಾಕುವುದೇ ಎಲ್ಲರೂ ಮಾಡುವ ತಪ್ಪು. ಜಿಡ್ಡು ಹಿಟ್ಟಿನ ಕಣಗಳಿಗೆ ಮೆತ್ತಿಕೊಂಡರೆ ಹಿಟ್ಟಿಗೆ ಎಳೆತ ಕೊಡುವ ಗ್ಲುಟೆನ್ ಎಂಬ ಪ್ರೋಟೀನ್ ಹೆಣೆದುಕೊಳ್ಳುವುದಿಲ್ಲ, ಬ್ರೆಡ್ಡು ಎಳೆ ಎಳೆಯಾಗಿ ಬಿಡದೆ ಕೇಕಿನಂತೆ ಪುಡಿಯಾಗುತ್ತದೆ. ಹಿಟ್ಟು ನಯವಾದ ಮೇಲೆ ಬೆಣ್ಣೆಯನ್ನು ಮೂರು ಕಂತಿನಲ್ಲಿ ಸೇರಿಸಿ ಇನ್ನೂ 8 ನಿಮಿಷ ನಾದಿ. ಮಧ್ಯದಲ್ಲಿ ಒಮ್ಮೆ ಎಲ್ಲ ಕಲಸಿ ಕೈಗೆ ಅಂಟಿ, ಕೆಟ್ಟೇಹೋಯಿತು ಅನ್ನಿಸುತ್ತದೆ. ಆಗ ಮೈದಾ ಉದುರಿಸಬೇಡಿ. ನಾದುತ್ತಲೇ ಇರಿ, ಎರಡು ಮೂರು ನಿಮಿಷದಲ್ಲಿ ಬೆಣ್ಣೆ ಒಳಗೆ ಸೇರಿ ಕೈ ಬಿಡುತ್ತದೆ. ಕೊನೆಗೆ ಹಿಟ್ಟು ಕಿವಿಯ ಹಾಲೆಯಷ್ಟು ಮೆತ್ತಗಿರಬೇಕು. ಚಿಕ್ಕ ಉಂಡೆ ತೆಗೆದು ನಾಲ್ಕೂ ಕಡೆ ಎಳೆದಾಗ ಹರಿಯದೆ, ಹಿಂದಿನ ಬೆಳಕು ಕಾಣುವಷ್ಟು ತೆಳುವಾದರೆ ಹದ ಬಂದಿದೆ.

ಮುಚ್ಚಿ ಎರಡು ಪಟ್ಟಾಗಲು ಬಿಡಿ. ಈಸ್ಟರ್ ಪಶ್ಚಿಮದ ಪಂಚಾಂಗದಲ್ಲಿ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಯಾವ ಭಾನುವಾರವಾದರೂ ಬೀಳಬಹುದು, ಆದ್ದರಿಂದ ಹೋದ ವರ್ಷ ಹಿಡಿದ ಹೊತ್ತೇ ಈ ವರ್ಷವೂ ಹಿಡಿಯುತ್ತದೆ ಎಂದುಕೊಳ್ಳಬೇಡಿ. 30 ಡಿಗ್ರಿ ಸೆಕೆಯಲ್ಲಿ ಒಂದೂವರೆ ಗಂಟೆಯೊಳಗೆ, 20 ಡಿಗ್ರಿಯಲ್ಲಿ ಎರಡೂವರೆ ಗಂಟೆ. ಗಡಿಯಾರ ಬಿಟ್ಟು ಹಿಟ್ಟನ್ನೇ ನೋಡಿ. ಶನಿವಾರ ಬೇರೆ ಕೆಲಸವಿದ್ದರೆ ಶುಕ್ರವಾರ ರಾತ್ರಿ ಕಲಸಿ ಫ್ರಿಜ್ಜಿನಲ್ಲಿ 8ರಿಂದ 12 ಗಂಟೆ ಇಟ್ಟರೂ ಆಯಿತು. ತಣ್ಣನೆ ಹಿಟ್ಟಿನಲ್ಲಿ ಜಡೆ ಹೆಣೆಯುವುದು ಇನ್ನೂ ಸುಲಭ.

ಗಾಳಿ ತೆಗೆದು, ತೂಗಿ, ಮೂರು ಸಮಭಾಗ ಮಾಡಿ. ಒಂದೊಂದೂ ಸುಮಾರು 320 ಗ್ರಾಂ ಬರುತ್ತದೆ. 40 ಸೆಂಟಿಮೀಟರ್ ಉದ್ದಕ್ಕೆ ಹೊಸೆಯಿರಿ. ಹೊಸೆದಷ್ಟೂ ಹಿಂದಕ್ಕೆ ಎಳೆದುಕೊಂಡರೆ ಹಿಟ್ಟಿನ ಜೊತೆ ಜಗಳ ಬೇಡ, ಮುಚ್ಚಿ 10 ನಿಮಿಷ ಬಿಟ್ಟರೆ ತಾನಾಗಿ ಸಡಿಲವಾಗುತ್ತದೆ. ಜಡೆಯನ್ನು ನಡುವಿನಿಂದ ಶುರು ಮಾಡಿ ಎರಡೂ ತುದಿಗೆ ಹೆಣೆಯಿರಿ. ಒಂದು ತುದಿಯಿಂದ ಹೊರಟರೆ ಆ ತುದಿ ದಪ್ಪ, ಇನ್ನೊಂದು ಬಾಲದಂತೆ ಸಣ್ಣ. ಬಿಗಿಯಾಗಿ ಹೆಣೆಯಬೇಡಿ. ಕೂದಲ ಜಡೆಯ ಬಿಗಿ ಇಲ್ಲಿ ಬಂದರೆ ಓವನ್ನಿನಲ್ಲಿ ಹಿಗ್ಗಲು ಜಾಗವಿಲ್ಲದೆ ಪಕ್ಕದಲ್ಲಿ ಸೀಳುತ್ತದೆ. ಕೆಂಪು ಮೊಟ್ಟೆಯನ್ನು ಜಡೆಯಲ್ಲಿ ಸಿಕ್ಕಿಸುವುದು ಪದ್ಧತಿ. ಬಣ್ಣ ಹಿಟ್ಟಿಗೆ ಇಳಿಯದಿರಲು ಒಂದು ಉಪಾಯವಿದೆ: ಮೊಟ್ಟೆ ಗಾತ್ರದ ಫಾಯಿಲ್ ಉಂಡೆಗೆ ಎಣ್ಣೆ ಸವರಿ ಆ ಜಾಗದಲ್ಲಿ ಒತ್ತಿ ಬೇಯಿಸಿ, ಬ್ರೆಡ್ಡು ಆರಿದ ಮೇಲೆ ಉಂಡೆ ತೆಗೆದು ಮೊಟ್ಟೆ ಕೂರಿಸಿ. ಮೊಟ್ಟೆ ಎರಡನೇ ಸಲ ಬೇಯುವುದೂ ತಪ್ಪುತ್ತದೆ.

ಮತ್ತೆ 45ರಿಂದ 60 ನಿಮಿಷ ಉಬ್ಬಲಿ. ಬೆರಳಿನಿಂದ ಮೆಲ್ಲಗೆ ಒತ್ತಿ: ತಗ್ಗು ತಕ್ಷಣ ತುಂಬಿದರೆ ಇನ್ನೂ ಸಮಯವಿದೆ, ನಿಧಾನವಾಗಿ ಅರ್ಧ ಮೇಲೆದ್ದರೆ ಸರಿ, ಏಳಲೇ ಇಲ್ಲವೆಂದರೆ ಮಿತಿ ದಾಟಿದೆ, ಕೂಡಲೇ ಓವನ್ನಿಗೆ ಹಾಕಿ. ಹಳದಿ-ಹಾಲು ಸವರಿ 175 ಡಿಗ್ರಿಯಲ್ಲಿ 30ರಿಂದ 35 ನಿಮಿಷ. ಸಕ್ಕರೆ, ಮೊಟ್ಟೆ ಇರುವುದರಿಂದ 20 ನಿಮಿಷಕ್ಕೇ ಮೇಲೆ ಚೆನ್ನಾಗಿ ಕೆಂಪಾಗುತ್ತದೆ, ಒಳಗೆ ಹಸಿಯಿರುತ್ತದೆ. ಮೇಲೆ ಫಾಯಿಲ್ ಹೊದಿಸಿ ಮುಂದುವರಿಸಿ. ನಡುವಿನ ಬಿಸಿ 88 ಡಿಗ್ರಿ ಮುಟ್ಟಿದರೆ ಬೆಂದಿದೆ. ಬಿಸಿಯಿರುವಾಗ ಕೊಯ್ದರೆ ಚಾಕುವಿಗೆ ಅಂಟಿ ಮುದ್ದೆಯಾಗುತ್ತದೆ. ಒಂದು ಗಂಟೆ ಕಾಯಿರಿ.

ಶನಿವಾರ ರಾತ್ರಿ: ತೊಡೆಗೆ ಉಪ್ಪು

ಹತ್ತು ನಿಮಿಷದ ಕೆಲಸ, ಮರುದಿನದ ರುಚಿಯಲ್ಲಿ ಅರ್ಧ ಇದರದೇ. ತೊಡೆಯನ್ನು ಒರೆಸಿ ಒಣಗಿಸಿ, ಕಿಲೋಗೆ 10 ಗ್ರಾಂ ಲೆಕ್ಕದಲ್ಲಿ ಉಪ್ಪು ಸವರಿ. 2.4 ಕಿಲೋಗೆ 24 ಗ್ರಾಂ, ಅಂದರೆ ಪುಡಿ ಉಪ್ಪು ತಲೆತಟ್ಟಿದ 4 ಟೀ ಚಮಚ. ಮುಚ್ಚದೆ ಫ್ರಿಜ್ಜಿನ ಕೆಳ ತಟ್ಟೆಯಲ್ಲಿಡಿ. ಉಪ್ಪು ಮೊದಲು ನೀರು ಎಳೆಯುತ್ತದೆ, ಕೆಲವು ಗಂಟೆಯಲ್ಲಿ ಆ ಉಪ್ಪುನೀರು ಮತ್ತೆ ಒಳಗೆ ಇಳಿಯುತ್ತದೆ, ಚರ್ಮದ ಕಡೆ ಒಣಗುತ್ತದೆ. ಓವನ್ನಿಗೆ ಹಾಕುವ ಅರ್ಧ ಗಂಟೆ ಮುಂಚೆ ಉಪ್ಪು ಹಾಕುವುದು ಎಲ್ಲಕ್ಕಿಂತ ಕೆಟ್ಟ ಸಮಯ: ಎಳೆದ ನೀರು ಮೇಲೇ ನಿಂತಿರುತ್ತದೆ, ಮಾಂಸ ಕೆಂಪಾಗುವ ಬದಲು ಹಬೆಯಲ್ಲಿ ಬೇಯುತ್ತದೆ.

ಭಾನುವಾರ: ಒಂದೂವರೆಗೆ ಊಟವಾಗಬೇಕಾದರೆ

ಮೊದಲು ಮನೆಯವರೆಲ್ಲ ಸೇರಿ ತೀರ್ಮಾನಿಸಬೇಕಾದ ಮಾತೊಂದಿದೆ. ತೊಡೆಯನ್ನು ಎರಡು ಹದದಲ್ಲಿ ಮಾತ್ರ ಚೆನ್ನಾಗಿ ತಿನ್ನಬಹುದು. ಒಂದು, ಒಳಗೆ ತಿಳಿ ಗುಲಾಬಿಯಾಗಿ ರಸ ಉಳಿದಿರುವ 63 ಡಿಗ್ರಿಯ ಹದ. ಇನ್ನೊಂದು, 90 ಡಿಗ್ರಿ ದಾಟಿ ಮೂಳೆಯಿಂದ ತಾನೇ ಕಳಚುವ ಹದ. ನಡುವೆ 70-80ರಲ್ಲಿ ನಿಲ್ಲಿಸಿದರೆ ರಸವೆಲ್ಲ ಹಿಂಡಿ ಹೋಗಿರುತ್ತದೆ, ಮಾಂಸದ ನಾರು ಹಿಡಿದಿರುವ ಕೊಲಾಜನ್ ಮಾತ್ರ ಇನ್ನೂ ಕರಗಿರುವುದಿಲ್ಲ. ಗುಲಾಬಿ ಬಣ್ಣಕ್ಕೆ ಹೆದರಿ ಇನ್ನೊಂದು ಅರ್ಧ ಗಂಟೆ ಬಿಟ್ಟ ಮನೆಗಳಲ್ಲಿ ಮಾಂಸ ಚರ್ಮದಂತಾಗುವುದು ಇದಕ್ಕೇ. ಗುಲಾಬಿ ಬೇಡ ಎನ್ನುವವರಿದ್ದರೆ, ಗರ್ಭಿಣಿಯರೋ ತೀರಾ ವಯಸ್ಸಾದವರೋ ಪುಟ್ಟ ಮಕ್ಕಳೋ ಇದ್ದರೆ, ಎರಡನೇ ದಾರಿಯನ್ನೇ ಹಿಡಿಯಿರಿ. ಎಳೆಯದಲ್ಲದ ಕುರಿ ಅಥವಾ ಮೇಕೆಯ ತೊಡೆಗೂ ಅದೇ ಸರಿ.

ಮೊದಲ ದಾರಿಯ ವೇಳಾಪಟ್ಟಿ: 10:15ಕ್ಕೆ ಮಾಂಸ ಫ್ರಿಜ್ಜಿನಿಂದ ಹೊರಗೆ. ಚೂಪಾದ ಚಾಕುವಿನ ತುದಿಯಿಂದ 15 ಕಡೆ ಎರಡು ಸೆಂಟಿಮೀಟರ್ ಆಳ ಚುಚ್ಚಿ, ಒಂದೊಂದರಲ್ಲೂ ಬೆಳ್ಳುಳ್ಳಿಯ ಸೀಳು ಮತ್ತು ನಾಲ್ಕು ರೋಸ್‌ಮೆರಿ ಎಲೆ ತುರುಕಿ. ಬೆಳ್ಳುಳ್ಳಿ ಹೊರಗೆ ಇಣುಕಬಾರದು, ಇಣುಕಿದ್ದು ಕರಿದು ಕಹಿಯಾಗುತ್ತದೆ. ಎಣ್ಣೆ, ಕಾಳುಮೆಣಸು, ನಿಂಬೆ ಸಿಪ್ಪೆಯ ತುರಿ ಸವರಿ. ಇನ್ನು ಉಪ್ಪು ಬೇಡ. ಅಷ್ಟರಲ್ಲಿ ಇನ್ನೊಬ್ಬರು ಒಂದೂವರೆ ಕಿಲೋ ಆಲೂಗಡ್ಡೆ ಸುಲಿದು ನಾಲ್ಕು ಹೋಳು ಮಾಡಿ, ಉಪ್ಪುನೀರಿನಲ್ಲಿ 8 ನಿಮಿಷ ಬೇಯಿಸಿ ಬಸಿದಿಡಲಿ.

11:20ಕ್ಕೆ, 220 ಡಿಗ್ರಿ ಕಾದ ಓವನ್ನಿಗೆ ತೊಡೆ, ಜಾಲರಿಯ ಮೇಲೆ, ಕೆಳಗೆ ಟ್ರೇ. 11:40ಕ್ಕೆ 170ಕ್ಕೆ ಇಳಿಸಿ, ಎಣ್ಣೆ ಸವರಿದ ಆಲೂಗಡ್ಡೆಯನ್ನು ಟ್ರೇಗೆ ಹಾಕಿ; ಮೇಲಿನಿಂದ ಸೋರುವ ಜಿಡ್ಡೆಲ್ಲ ಅದಕ್ಕೇ. ನಿಂಬೆರಸ ಈಗಲೇ ಹಿಂಡಬೇಡಿ, ಹುಳಿ ಬಿದ್ದರೆ ಆಲೂಗಡ್ಡೆ ಮೆತ್ತಗಾಗಲು ಹಠ ಹಿಡಿಯುತ್ತದೆ.

12:35ರಿಂದ ಥರ್ಮಾಮೀಟರ್ ಹಿಡಿಯಿರಿ. ತೊಡೆಯ ಅತಿ ದಪ್ಪ ಭಾಗಕ್ಕೆ, ಮೂಳೆಗೆ ತಾಗದಂತೆ ಚುಚ್ಚಿ. ಮೂಳೆ ತಾಗಿದರೆ ಸುಳ್ಳು ಅಂಕಿ ಬರುತ್ತದೆ. 60 ಡಿಗ್ರಿ ಕಂಡ ಕೂಡಲೇ ಹೊರಗೆ ತೆಗೆಯಿರಿ. ಓವನ್ನಿನಿಂದ ಓವನ್ನಿಗೆ ವ್ಯತ್ಯಾಸವಿದ್ದರೂ ಒಂದರ ಆಸುಪಾಸಿಗೆ ಅಷ್ಟಾಗುತ್ತದೆ. ಸಡಿಲವಾಗಿ ಫಾಯಿಲ್ ಹೊದಿಸಿ 25 ನಿಮಿಷ ಮುಟ್ಟಬೇಡಿ. ಹೊರಮೈಯ ಬಿಸಿ ಒಳಗಿಳಿದು 63 ದಾಟುತ್ತದೆ. ದಾಟಿತೇ ಎಂದು ಕೊಯ್ಯುವ ಮೊದಲು ಚುಚ್ಚಿ ನೋಡಿಕೊಳ್ಳಿ. ಈ 25 ನಿಮಿಷದಲ್ಲೇ ಉಳಿದ ಕೆಲಸ: ಟ್ರೇಯ ರಸವನ್ನು ಚಿಕ್ಕ ಪಾತ್ರೆಗೆ ಬಸಿಯಿರಿ, ಆಲೂಗಡ್ಡೆಗೆ ಒಂದು ನಿಂಬೆ ಹಿಂಡಿ ಮತ್ತೆ 220 ಡಿಗ್ರಿಗೆ ಹಾಕಿ ಅಂಚು ಗರಿಗರಿಯಾಗಲು ಬಿಡಿ. ಬಸಿದ ರಸದ ಮೇಲಿನ ಜಿಡ್ಡು ತೆಗೆದು, 250 ಮಿ.ಲೀ. ಮಾಂಸದ ಅಥವಾ ತರಕಾರಿ ಬೇಯಿಸಿದ ನೀರು ಸೇರಿಸಿ ಅರ್ಧಕ್ಕೆ ಇಂಗಿಸಿದರೆ ಗ್ರೇವಿ ಆಯಿತು.

ಎರಡನೇ ದಾರಿಗೆ ಬೆಳಿಗ್ಗೆ ಎಂಟಕ್ಕೇ ಓವನ್ನಿಗೆ ಹಾಕಬೇಕು: ಆಳವಾದ ಟ್ರೇಯಲ್ಲಿ 300 ಮಿ.ಲೀ. ನೀರು, ಎರಡು ಈರುಳ್ಳಿ, ಫಾಯಿಲ್ಲಿನಿಂದ ಅಂಚು ಬಿಗಿಯಾಗಿ ಮುಚ್ಚಿ 150 ಡಿಗ್ರಿಯಲ್ಲಿ ನಾಲ್ಕರಿಂದ ನಾಲ್ಕೂವರೆ ಗಂಟೆ. ಅಂಚಿನಲ್ಲಿ ಹಬೆ ಸೋರಿದರೆ ನೀರು ಬತ್ತಿ ತಳ ಹಿಡಿಯುತ್ತದೆ. ಕೊನೆಯ ಅರ್ಧ ಗಂಟೆ ಫಾಯಿಲ್ ತೆಗೆದು 200 ಡಿಗ್ರಿ. ಆಲೂಗಡ್ಡೆಯನ್ನು ಆ ಹೊತ್ತಿಗೆ ಬೇರೆ ತಟ್ಟೆಯಲ್ಲಿ ಒಳಗಿಡಿ. ಎಲ್ಲರೂ ಚರ್ಚಿಗೆ ಹೋಗುವ ಮನೆಯಾದರೆ ಉರಿಯುವ ಓವನ್ ಬಿಟ್ಟು ಹೋಗಬೇಡಿ. ಉಪ್ಪು ಹಚ್ಚುವುದನ್ನು ಶುಕ್ರವಾರಕ್ಕೆ ತಂದುಕೊಂಡು, ಶನಿವಾರ ಸಂಜೆಯೇ ಪೂರ್ತಿ ಬೇಯಿಸಿ ರಸದ ಸಮೇತ ಫ್ರಿಜ್ಜಿಗಿಟ್ಟು, ಭಾನುವಾರ ಮುಚ್ಚಿ 160 ಡಿಗ್ರಿಯಲ್ಲಿ ಒಳಗೆ 74 ಡಿಗ್ರಿಯಾಗುವ ತನಕ ಬಿಸಿ ಮಾಡಿ. ಈ ಹದದ ಮಾಂಸ ಮರುದಿನಕ್ಕೆ ಇನ್ನೂ ರುಚಿ.

ಕೊಯ್ಯುವಾಗ ನಾರಿಗೆ ಅಡ್ಡಲಾಗಿ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಕೊಯ್ಯಿರಿ. ನಾರಿನ ಉದ್ದಕ್ಕೆ ಕೊಯ್ದರೆ ಎಷ್ಟು ಮೆತ್ತಗೆ ಬೆಂದ ಮಾಂಸವೂ ಹಲ್ಲಿಗೆ ಸಿಗುತ್ತದೆ.

ಮೇಜಿಗೆ ಕೂತ ಮೇಲೆ

ಮಾಂಸ ಆರುವ ಹೊತ್ತಿನಲ್ಲಿ ಮೊಟ್ಟೆ ಕುಟ್ಟುವ ಆಟ ಶುರುಮಾಡಿ. ಒಬ್ಬರು ಮೊಟ್ಟೆಯ ಚೂಪು ತುದಿಯನ್ನು ಮೇಲಕ್ಕೆ ಹಿಡಿಯುತ್ತಾರೆ, ಇನ್ನೊಬ್ಬರು ತಮ್ಮ ಮೊಟ್ಟೆಯ ಚೂಪು ತುದಿಯಿಂದ ಟಕ್ಕೆಂದು ತಟ್ಟುತ್ತಾರೆ. ಬಿರಿಯದೆ ಉಳಿದವರು ಮುಂದಿನವರ ಕಡೆಗೆ. ಗ್ರೀಕರು ಇದನ್ನು ತ್ಸುಗ್ರಿಸ್ಮಾ ಎನ್ನುತ್ತಾರೆ, ತಟ್ಟುವಾಗ ಒಬ್ಬರು "ಕ್ರಿಸ್ತ ಎದ್ದಿದ್ದಾನೆ" ಎಂದರೆ ಇನ್ನೊಬ್ಬರು "ನಿಜವಾಗಿಯೂ ಎದ್ದಿದ್ದಾನೆ" ಎನ್ನಬೇಕು. ಒಡೆದ ಮೊಟ್ಟೆಯೇ ಊಟದ ಮೊದಲ ತುತ್ತು, ಜೊತೆಗೆ ಉಪ್ಪು ಮತ್ತು ಜಡೆ ಬ್ರೆಡ್ಡಿನ ತುಂಡು.

ಪದ್ಧತಿ ಮನೆಯಲ್ಲಿ ಉಳಿಯಬೇಕಾದರೆ ಕೆಲಸ ಹೆಸರಿಗೆ ಹಂಚಿರಬೇಕು. ಎಲೆ ಕಟ್ಟುವುದು ಚಿಕ್ಕವರದು, ಜಡೆ ಹೆಣೆಯುವುದು ಅಜ್ಜಿಯದು, ಥರ್ಮಾಮೀಟರ್ ಹದಿಹರೆಯದವರ ಕೈಗೆ, ಕೊಯ್ಯುವುದು ಇನ್ನೊಬ್ಬರದು. ಒಂದು ನೋಟ್‌ಬುಕ್ಕಿನಲ್ಲಿ ಆ ವರ್ಷದ ತಾರೀಖು, ತೊಡೆಯ ತೂಕ, ಒಳಗೆ ಹಾಕಿದ ಮತ್ತು 60 ಡಿಗ್ರಿ ಕಂಡ ಸಮಯ, ಹಿಟ್ಟು ಉಬ್ಬಲು ಹಿಡಿದ ಹೊತ್ತು, ಏನು ಕಡಿಮೆಯಾಯಿತು, ಏನು ಮಿಕ್ಕಿತು ಬರೆದಿಡಿ. ಮೂರು ವರ್ಷದ ಲೆಕ್ಕ ಕೂಡಿದರೆ ನಿಮ್ಮ ಓವನ್ನಿಗೆ ಅದಕ್ಕಿಂತ ಒಳ್ಳೆಯ ಪಾಕಪುಸ್ತಕ ಸಿಗದು.

ಸೋಮವಾರಕ್ಕೆ ಉಳಿದದ್ದು

ಊಟ ಮುಗಿದ ಎರಡು ಗಂಟೆಯೊಳಗೆ ಮಾಂಸವನ್ನು ಮೂಳೆಯಿಂದ ಬಿಡಿಸಿ, ಅಗಲ ಡಬ್ಬಿಯಲ್ಲಿ ತೆಳುವಾಗಿ ಹರಡಿ ಫ್ರಿಜ್ಜಿಗಿಡಿ. ಮೂರು ನಾಲ್ಕು ದಿನದಲ್ಲಿ ಮುಗಿಸಿ. ಜಡೆ ಬ್ರೆಡ್ಡು ಎರಡನೇ ದಿನಕ್ಕೆ ಒಣಗುತ್ತದೆ, ಅದಕ್ಕೇ ಅದು ಈಗ ಹೆಚ್ಚು ಕೆಲಸಕ್ಕೆ ಬರುತ್ತದೆ: ಎರಡು ಮೊಟ್ಟೆ, 200 ಮಿ.ಲೀ. ಹಾಲು ಕಲಸಿ, ಎರಡು ಸೆಂಟಿಮೀಟರ್ ದಪ್ಪದ ಹೋಳುಗಳನ್ನು ಎರಡೂ ಕಡೆ ಒಂದೊಂದು ನಿಮಿಷ ಅದ್ದಿ ಬೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಕಾಯಿಸಿ. ಹೊಸ ಬ್ರೆಡ್ಡಾದರೆ ಹಾಲಿನಲ್ಲೇ ಕರಗಿಬಿಡುತ್ತದೆ. ಮೂಳೆಗೆ ಎರಡು ಲೀಟರ್ ತಣ್ಣೀರು, ಒಂದು ಈರುಳ್ಳಿ, ಒಂದು ಕ್ಯಾರೆಟ್, ಹತ್ತು ಕಾಳುಮೆಣಸು ಹಾಕಿ ಮೂರು ಗಂಟೆ ಕುದಿಗೆ ಬಾರದಂತೆ ಸಣ್ಣ ಉರಿಯಲ್ಲಿಡಿ; ಜೋರಾಗಿ ಕುದಿಸಿದರೆ ಜಿಡ್ಡು ಒಡೆದು ಸೂಪು ಕದಡುತ್ತದೆ. ಸೋಸಿ, ತಣ್ಣಗಾದ ಮೇಲೆ ಮೇಲೆ ಗಟ್ಟಿಯಾದ ಕೊಬ್ಬನ್ನು ಎತ್ತಿ ತೆಗೆದು, ಮಿಕ್ಕ ಮಾಂಸದ ಚೂರುಗಳನ್ನು ಹಾಕಿ ಬಿಸಿ ಮಾಡಿ. ಉಪ್ಪನ್ನು ಕೊನೆಗೆ ರುಚಿ ನೋಡಿಯೇ ಹಾಕಿ, ಮೂಳೆಯಲ್ಲಿ ಶನಿವಾರದ ಉಪ್ಪು ಇದ್ದೇ ಇದೆ.